ಸೈನ್ಯ ಬಿಟ್ಟರೂ ಕಾಡು ಬಿಡದ ತೋಟೆ

ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಊರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಕಳೆದ ಹನ್ನೊಂದು ವರ್ಷಗಳ ಬಗ್ಗೆ ಹಿಂದಿನ ಸಂಚಿಕೆಯೊಂದರಲ್ಲಿ ಬರೆದಿದ್ದೆ. ಅಲ್ಲಿನ ಬೇಟೆಗಾರರು ಮೂಸ್ ಎಂಬ ಭಾರೀ ಜಿಂಕೆಯನ್ನು ಹೊಡೆಯಲು 1894ರ ಮಿಲಿಟರಿ ತೋಟೆಯನ್ನು ಇಂದಿಗೂ ಬಳಸುತ್ತಾರೆ ಎಂಬ ಒಂದು ಸಾಲು ಅದರಲ್ಲಿತ್ತು. ಆ ಸಾಲನ್ನೇ ಹಿಡಿದು ಬಂದ ಪತ್ರಗಳಿಗೆ ಈ ಸಲದ ಪುಟ ಮೀಸಲು.

ಸೋಮವಾರಪೇಟೆಯ ಓದುಗರೊಬ್ಬರು: ನೂರಿಪ್ಪತ್ತೈದು ವರ್ಷ ದಾಟಿದ ತೋಟೆ ಅದು. ಕೈಯಲ್ಲಿ ದುಡ್ಡಿರುವ ದೇಶದವರು ಹೊಸದನ್ನು ಬಿಟ್ಟು ಹಳೆಯದಕ್ಕೇ ಯಾಕೆ ಅಂಟಿಕೊಂಡಿದ್ದಾರೆ? ನಮ್ಮಜ್ಜನ ಕೇಪಿನ ಕೋವಿಯ ಹಾಗೆ ಇದೂ ಬರೀ ಅಭಿಮಾನವೇ?

ಅಭಿಮಾನ ಖಂಡಿತ ಇದೆ. ಆದರೆ ಬರೀ ಅಭಿಮಾನವನ್ನು ನಂಬಿ ಯಾರೂ ನಾನೂರು ಕಿಲೋ ತೂಗುವ ಪ್ರಾಣಿಯ ಮುಂದೆ ನಿಲ್ಲುವುದಿಲ್ಲ.

ಮೊದಲು ಅದರ ಹುಟ್ಟನ್ನು ನೋಡಿ. 1890ರ ದಶಕದಲ್ಲಿ ಸ್ವೀಡನ್ ಮತ್ತು ನಾರ್ವೆ ಒಬ್ಬನೇ ರಾಜನ ಕೆಳಗಿದ್ದವು, ಬೇರೆಯಾದದ್ದು 1905ರಲ್ಲಿ. ಆಗಷ್ಟೇ ಹೊಗೆಯಿಲ್ಲದ ಮದ್ದು ಬಂದಿತ್ತು. ಕರಿಮದ್ದಿನ ಕಾಲದ ದಪ್ಪ ಗುಂಡು ಬೇಕಿರಲಿಲ್ಲ. ಸಣ್ಣ ಗುಂಡನ್ನೇ ಹೆಚ್ಚು ವೇಗದಲ್ಲಿ ಕಳಿಸಬಹುದಿತ್ತು, ಸಿಪಾಯಿ ಅದೇ ಭಾರಕ್ಕೆ ಹೆಚ್ಚು ತೋಟೆ ಹೊರಬಹುದಿತ್ತು. ಎರಡೂ ದೇಶದ ಅಧಿಕಾರಿಗಳು ಒಂದು ಜಂಟಿ ಸಮಿತಿಯಲ್ಲಿ ಕೂತು ಒಂದೇ ತೋಟೆಯನ್ನು ಗೊತ್ತು ಮಾಡಿದರು. ಕೋವಿ ಮಾತ್ರ ಬೇರೆ ಬೇರೆ ಆಯಿತು. ನಾರ್ವೆ ಕ್ರಾಗ್-ಯೋರ್ಗೆನ್ಸೆನ್ ಹಿಡಿಯಿತು, ಸ್ವೀಡನ್ ಜರ್ಮನಿಯ ಮೌಸರ್ ಹಿಡಿಯಿತು. ಈ ತೋಟೆಯ ಹೆಸರು 6,5×55. ನಾನು ಮನೆಯಲ್ಲಿ ‘ಆರೂವರೆ-ಐವತ್ತೈದು’ ಅಂತಲೇ ಹೇಳುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಸ್ವೀಡನ್ 1814ರ ನಂತರ ಯಾವ ಯುದ್ಧಕ್ಕೂ ಇಳಿದಿಲ್ಲ. ಹಾಗಾಗಿ ಅವರ ಮೌಸರ್‌ಗಳು ಕಂದಕದ ಕೆಸರು ಕಾಣದೆ, ಎಣ್ಣೆ ಹಚ್ಚಿಸಿಕೊಂಡು ಉಗ್ರಾಣದಲ್ಲಿ ಸಾಲಾಗಿ ನಿಂತೇ ಇದ್ದವು. ಸೈನ್ಯ ಹೊಸ ಕೋವಿಗೆ ಹೋದಾಗ ಇವು ಕಡಿಮೆ ಬೆಲೆಗೆ ಜನರ ಕೈಗೆ ಬಂದವು. ರೈತರು, ಮರ ಕಡಿಯುವವರು, ಶಾಲೆಯ ಮೇಷ್ಟ್ರುಗಳು ಕೊಂಡರು. ಹಿಡಿಯನ್ನು ಕೊಂಚ ಕೆತ್ತಿ, ನಳಿಗೆಯನ್ನು ಗಿಡ್ಡ ಮಾಡಿ ಬೇಟೆ ಕೋವಿ ಮಾಡಿಕೊಂಡರು.

ನಮ್ಮ ಬೇಟೆ ತಂಡದ ಯಜಮಾನರ ಬಳಿ ಅಂಥದ್ದೊಂದು ಎಂ/96, ಅಂದರೆ 1896ರ ಮಾದರಿಯ ಮೌಸರ್ ಇತ್ತು, ಕೆತ್ತದೇ ಹಾಗೇ ಇಟ್ಟುಕೊಂಡದ್ದು. ಮೊದಲ ಸಲ ನನ್ನ ಕೈಗೆ ಕೊಟ್ಟಾಗ ಅವರು ತೋರಿಸಿದ್ದು ನಳಿಗೆಯನ್ನಲ್ಲ, ಹಿಂದಿನ ಮರದ ಹಿಡಿಗೆ ಕೂರಿಸಿದ್ದ ಒಂದು ಹಿತ್ತಾಳೆ ಬಿಲ್ಲೆಯನ್ನು. ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಮೂರು ಪಾಲು ಮಾಡಿದ್ದಾರೆ. ಒಂದರಲ್ಲಿ ಆ ನಳಿಗೆಯ ಒಳಸುತ್ತಿನ ಅಳತೆ, ಇನ್ನೊಂದರಲ್ಲಿ ನಳಿಗೆ ಎಷ್ಟು ಸವೆದಿದೆ ಎಂಬ ದರ್ಜೆ, ಮೂರನೆಯದರಲ್ಲಿ 1941ರಲ್ಲಿ ಬಂದ ಚೂಪು ಗುಂಡು ಹಾಕಿದರೆ ಗುರಿಗಿಂತ ಎಷ್ಟು ಮೇಲೆ ಬೀಳುತ್ತದೆ ಎಂಬ ಲೆಕ್ಕ. ಸೈನ್ಯದ ಕೋವಿ ಕೆಲಸದವನು ಒಂದೊಂದು ಕೋವಿಯನ್ನೂ ಅಳೆದು, ಜಾತಕ ಬರೆದ ಹಾಗೆ ಅದರ ಮೈಮೇಲೇ ಬರೆದಿಟ್ಟಿದ್ದ. ಎಂಜಿನಿಯರ್ ಆಗಿ ನಾನು ಅಂಥ ನಿಷ್ಠೆಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಮೌಸರ್ ಕಂಪನಿಗೆ ಮೊದಲ ಆರ್ಡರ್ ಕೊಡುವಾಗಲೂ ಸ್ವೀಡನ್ನಿನವರು ‘ನಮ್ಮ ಉಕ್ಕಿನಲ್ಲೇ ಮಾಡಿ’ ಎಂದು ಷರತ್ತು ಹಾಕಿದ್ದರು. ಆಮೇಲೆ ನಮ್ಮ ಎಸ್ಕಿಲ್‌ಸ್ಟೂನಾದ ಕಾರ್ಲ್ ಗುಸ್ತಾಫ್ ಕಾರ್ಖಾನೆಯಲ್ಲೇ ತಯಾರಾದವು. ಯಜಮಾನರ ಕೋವಿ ಅಲ್ಲಿಯದೇ. ಅವರ ಮನೆಯಿಂದ ಸೈಕಲ್ಲಿನಲ್ಲಿ ಹೋಗುವ ದೂರ.

ತೋಟೆಯೂ ಹಾಗೇ ಸ್ಥಳೀಯ. ನಾರ್ವೆ ಮೂಲದ ಎಂಗರ್ ಸೋದರರು 1902ರಲ್ಲಿ ಗಡಿಯ ಈಚೆ, ವೆರ್ಮ್‌ಲಾಂಡಿನ ಓಮೊತ್‌ಫೋರ್ಸ್‌ನಲ್ಲಿ ನೋರ್ಮಾ ಕಾರ್ಖಾನೆ ಕಟ್ಟಿದರು. ಎರಡೂ ದೇಶದ ಗುರಿಕಾರ ಸಂಘಗಳು ಹತ್ತಿರದಲ್ಲೇ ತಯಾರಾಗುವ ಇಂಥ ಗುಂಡಿನಲ್ಲಿ ವರ್ಷವಿಡೀ ಅಭ್ಯಾಸ ಮಾಡಿದವು. ನಾರ್ವೆಯಲ್ಲಿ ಅಂಥ ಸಂಘಟನೆ 1893ರಿಂದ ಇದೆ. ಅಪ್ಪ ಭಾನುವಾರ ಗುರಿ ಹೊಡೆಯಲು ಹೋಗುತ್ತಿದ್ದ, ಮಗ ಜೊತೆಗೆ ಹೋದ, ಇಬ್ಬರಿಗೂ ಒಂದೇ ತೋಟೆ. ಅದೇ ತೋಟೆ ಅಕ್ಟೋಬರಿನಲ್ಲಿ ಕಾಡಿಗೂ ಹೋಯಿತು.

ಹುಬ್ಬಳ್ಳಿಯ ವಿದ್ಯಾರ್ಥಿ: 6,5×55 ಅಂದರೆ ಗುಣಾಕಾರವೇ? ಗುಂಡಿನ ಅಗಲ ಆರೂವರೆ ಮಿಲಿಮೀಟರೇ?

ಗುಣಾಕಾರ ಅಲ್ಲ. ಎರಡನೆಯ ಸಂಖ್ಯೆ ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆ ಕೊಳವೆಯ ಉದ್ದ, 55 ಮಿಲಿಮೀಟರ್. ಮೊದಲನೆಯದರಲ್ಲಿ ಸಣ್ಣ ತಿರುವು ಇದೆ. ಗುಂಡು ನಿಜಕ್ಕೂ 6,7 ಮಿಲಿಮೀಟರ್ ಅಗಲ. ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಆ ಗೀರುಗಳ ನಡುವಿನ ದಿಣ್ಣೆಯಿಂದ ದಿಣ್ಣೆಗೆ ಅಳೆದರೆ ಆರೂವರೆ. ಗುಂಡು ಆ ದಿಣ್ಣೆಗಳಿಗೆ ಕಚ್ಚಿಕೊಂಡೇ ಹೊರಡಬೇಕು, ಆಗಲೇ ಬುಗುರಿಯಂತೆ ತಿರುಗುತ್ತದೆ. ಈ ಕೋವಿಯಲ್ಲಿ 200 ಮಿಲಿಮೀಟರಿಗೆ ಒಂದು ಸುತ್ತು. ಅಷ್ಟು ಬಿಗಿಯಾದ ಸುರುಳಿ ಇರುವುದರಿಂದಲೇ ಉದ್ದನೆಯ ಗುಂಡು ಅಡ್ಡಾದಿಡ್ಡಿಯಾಗದೆ ಮೂತಿ ಮುಂದಾಗಿ ಹಾರುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ದಶಾಂಶಕ್ಕೆ ಚುಕ್ಕಿ ಹಾಕುತ್ತಾರೆ, ಅಲ್ಲಿ ಅಲ್ಪವಿರಾಮ. ನಾನು ಅಲ್ಲಿಯ ರೂಢಿಯಲ್ಲೇ ಬರೆದಿದ್ದೇನೆ.

ಶಿರಸಿಯ ಓದುಗರೊಬ್ಬರು: ಕಡವೆಗಿಂತ ದೊಡ್ಡ ಪ್ರಾಣಿ ಮೂಸ್. ಅದಕ್ಕೆ ಪೆನ್ಸಿಲಿಗಿಂತ ಸಣ್ಣ ಗುಂಡು ಹೊಡೆಯುವುದು ಕ್ರೌರ್ಯವಲ್ಲವೇ? ದೊಡ್ಡ ಗುಂಡಾದರೆ ಕೂಡಲೇ ಪ್ರಾಣ ಹೋಗುತ್ತದಲ್ಲ?

ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ತಟ್ಟಿದ್ದು ನಿಮ್ಮದು. ನಾನೂ ಹೀಗೇ ಅಂದುಕೊಂಡಿದ್ದೆ. ಒಂದು ದಿನ ಕಣ್ಣಾರೆ ನೋಡಿದ ಮೇಲೆ ಆ ಎಣಿಕೆ ಬದಲಾಯಿತು.

ದಕ್ಷಿಣ ಸ್ವೀಡನ್ನಿನಲ್ಲಿ ಆಗ ಮೂಸ್ ಬೇಟೆ ಶುರುವಾಗುತ್ತಿದ್ದದ್ದು ಅಕ್ಟೋಬರಿನ ಎರಡನೆಯ ಸೋಮವಾರ. ಕ್ರಮ ನಮ್ಮ ಮಲೆನಾಡಿನ ಹಳೆಯ ಸೋವು ಬೇಟೆಯದೇ. ಕೆಲವರು ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಕಾಯುವ ಜಾಗಕ್ಕೆ ನಿಲ್ಲುತ್ತಾರೆ, ಉಳಿದವರು ನಾಯಿಯೊಂದಿಗೆ ಹಳು ನುಗ್ಗಿ ಪ್ರಾಣಿಯನ್ನು ಆ ಕಡೆಗೆ ಸೋವುತ್ತಾರೆ. ನಾನು ಸೋವುವವರ ಸಾಲಿನಲ್ಲಿದ್ದೆ. ಸ್ಪ್ರೂಸ್ ಮರಗಳ ನಡುವೆ ಮಂಜು ಇನ್ನೂ ಎದ್ದಿರಲಿಲ್ಲ. ಬೂದುಬಣ್ಣದ ಯೆಮ್ತ್‌ಹುಂಡ್ ನಾಯಿ ಒಂದೇ ಕಡೆ ನಿಂತು ಬೊಗಳತೊಡಗಿತು, ಅಂದರೆ ಮೂಸ್ ಅನ್ನು ತಡೆದು ನಿಲ್ಲಿಸಿದೆ ಎಂದರ್ಥ. ಆಮೇಲೆ ಕೊಂಬೆ ಮುರಿಯುವ ಸದ್ದು, ಒಂದು ಭಾರೀ ಈಡು.

ಹೊಡೆದವರು ಆ ವರ್ಷವಷ್ಟೇ ಮದ್ದು ಹೆಚ್ಚು ಹಿಡಿಯುವ ದೊಡ್ಡ ಮ್ಯಾಗ್ನಂ ತೋಟೆಯ ಹೊಸ ರೈಫಲ್ ಕೊಂಡಿದ್ದರು. ಗಂಡು ಮೂಸ್ ಎಪ್ಪತ್ತು ಮೀಟರಿನಲ್ಲಿ ಅಡ್ಡಲಾಗಿ ನಿಂತಿತ್ತು. ಅಷ್ಟು ಹತ್ತಿರದಲ್ಲೂ ಗುಂಡು ಹೊಟ್ಟೆಗೆ ಬಿದ್ದಿತ್ತು. ಅದು ನಿಂತಿದ್ದ ಜಾಗದಲ್ಲಿ ಒಂದಿಷ್ಟು ಕೂದಲು, ಪಾಚಿಯ ಮೇಲೆ ಹಸಿರು ಬೆರೆತ ಕಪ್ಪು ರಕ್ತ. ಗುಂಡು ದೊಡ್ಡದೇ ಆಗಿತ್ತು. ಆದರೂ ಮೂಸ್ ಓಡಿತು.

ಗಾಯವಾದ ಪ್ರಾಣಿಯನ್ನು ಹುಡುಕಲು ತರಬೇತಾದ ನಾಯಿ ಎರಡು ಗಂಟೆಯೊಳಗೆ ಸ್ಥಳಕ್ಕೆ ಬರುವಂತಿರಬೇಕು ಎಂದು ಅಲ್ಲಿ ಕಾನೂನಿದೆ. ನಾಯಿ ಬಂತು. ಯಜಮಾನರು ಕೂಡಲೇ ಬೆನ್ನಟ್ಟಲು ಬಿಡಲಿಲ್ಲ. ಮೂಸ್ ಎಲ್ಲಾದರೂ ಮಲಗಲಿ ಎಂದು ಕಾಯಿಸಿದರು. ಆ ಕಾಯುವ ಹೊತ್ತು ಯಾರೂ ಮಾತಾಡಲಿಲ್ಲ, ಫ್ಲಾಸ್ಕಿನ ಕಾಫಿಯನ್ನೂ ಯಾರೂ ಮುಟ್ಟಲಿಲ್ಲ. ಕತ್ತಲಾಗುವ ಹೊತ್ತಿಗೆ, ಸುಮಾರು ಎರಡು ಕಿಲೋಮೀಟರ್ ಆಚೆ ಒಂದು ಜೌಗಿನ ಅಂಚಿನಲ್ಲಿ ಅದು ಸಿಕ್ಕಿತು. ತಲೆ ಎತ್ತಿ ನಮ್ಮನ್ನು ನೋಡಿತು. ಯಜಮಾನರು ಆರೂವರೆಯಿಂದ ಒಂದೇ ಈಡಿನಲ್ಲಿ ಮುಗಿಸಿದರು.

ಮುಂದಿನ ಶನಿವಾರ ಆ ಹೊಸ ರೈಫಲ್ಲಿನವರನ್ನು ಯಜಮಾನರು ಗುರಿ ಮೈದಾನಕ್ಕೆ ಕರೆದರು. ಅಲ್ಲಿ 80 ಮೀಟರ್ ದೂರದಲ್ಲಿ ಹಳಿಯ ಮೇಲೆ ಓಡುವ ಮೂಸ್ ಆಕಾರದ ಗುರಿ ಇರುತ್ತದೆ. ಯಜಮಾನರು ಅವರ ರೈಫಲ್ಲಿಗೆ ಮದ್ದಿಲ್ಲದ ಪೊಳ್ಳು ತೋಟೆಯೊಂದನ್ನು ತಾವೇ ತುಂಬಿ, ಹೇಳದೆ ಕೊಟ್ಟರು. ಟ್ರಿಗರ್ ಎಳೆದಾಗ ಈಡು ಹಾರಲಿಲ್ಲ, ಆದರೆ ನಳಿಗೆಯ ಮೂತಿ ಒಂದು ಗೇಣು ಕೆಳಗೆ ಕುಕ್ಕಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಕೋವಿ ಒದೆಯುತ್ತದೆ ಎಂಬ ಹೆದರಿಕೆಗೆ ಮೈ ಮೊದಲೇ ಬೆಚ್ಚುತ್ತಿತ್ತು. ಅವರಿಗೇ ಅದು ಗೊತ್ತಿರಲಿಲ್ಲ. ಮೂಸ್ ಎರಡು ಕಿಲೋಮೀಟರ್ ನರಳಿದ್ದು ಆ ಬೆಚ್ಚುವಿಕೆಯಿಂದ.

ಆರೂವರೆ ಮೆತ್ತಗೆ ಒದೆಯುತ್ತದೆ. ಒಂದೇ ತೂಕದ ಕೋವಿಯಲ್ಲಿ ಅಮೆರಿಕದ .30-06 ತೋಟೆಗೆ ಹೋಲಿಸಿದರೆ ಅದರ ಒದೆತದ ಶಕ್ತಿ ಸುಮಾರು ಮೂರರಲ್ಲಿ ಎರಡು ಪಾಲು; ಮ್ಯಾಗ್ನಂಗಳ ಮಾತು ಬೇಡ. ಒಂದು ಮಧ್ಯಾಹ್ನ ನಲವತ್ತು ಗುಂಡು ಹೊಡೆದರೂ ಭುಜ ನೀಲಿಗಟ್ಟುವುದಿಲ್ಲ, ಮೈ ಹೆದರಿಕೆ ಕಲಿಯುವುದಿಲ್ಲ. ಹಾಗೆ ಅಭ್ಯಾಸವಾದ ಕೈ ಕಾಡಿನಲ್ಲಿ ಗುಂಡನ್ನು ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೇ ಇಡುತ್ತದೆ.

ಸರಿ, ಜಾಗಕ್ಕೆ ಬಿದ್ದ ಮೇಲೆ ಒಳಗೆ ಹೋಗುತ್ತದೆಯೇ ಎಂದು ಕೇಳುತ್ತೀರಿ. ಹಳೆಯ ಮಾದರಿಯ ಗುಂಡು 10,1 ಗ್ರಾಂ ತೂಕ, ಸುಮಾರು ಮೂರು ಸೆಂಟಿಮೀಟರ್ ಉದ್ದ, ಮೂತಿ ದುಂಡಗೆ. ಅಗಲಕ್ಕೆ ಹೋಲಿಸಿದರೆ ಬಹಳ ಉದ್ದ. ಗೋಣಿಚೀಲಕ್ಕೆ ಹೆಬ್ಬೆರಳು ಒತ್ತಿದರೆ ತಗ್ಗು ಬೀಳುತ್ತದೆ, ದಬ್ಬಳ ಒತ್ತಿದರೆ ಆಚೆ ಬರುತ್ತದೆ. ಇದು ದಬ್ಬಳದ ಜಾತಿಯ ಗುಂಡು. ಬೇಟೆಗೆ ಬಳಸುವುದು ಮಿಲಿಟರಿಯ ಗಟ್ಟಿ ಕವಚದ ಗುಂಡಲ್ಲ ಎಂಬುದನ್ನೂ ಹೇಳಬೇಕು. ಒಳಗೆ ಹೋದ ಕೂಡಲೇ ಮೂತಿ ಅಣಬೆಯಂತೆ ಅರಳುವ ಗುಂಡು ಅದು. ನಮ್ಮ ತಂಡ ಮಾಂಸ ಬಿಡಿಸುವಾಗ ಆಚೆ ಬದಿಯ ಚರ್ಮದ ಕೆಳಗೆ ಸಿಕ್ಕಿದ ಅಂಥ ಒಂದು ಗುಂಡು ನನ್ನ ಮೇಜಿನ ಮೇಲಿದೆ. ಮುಂಭಾಗ ಸೇವಂತಿಗೆಯಂತೆ ಬಿರಿದಿದೆ, ಹಿಂಭಾಗದಲ್ಲಿ ನಳಿಗೆಯ ಗೀರುಗಳು ಹಾಗೇ ಇವೆ.

ಸ್ವೀಡನ್ನಿನ ಕಾನೂನು ಈ ವಿಷಯವನ್ನು ಅಂದಾಜಿಗೆ ಬಿಟ್ಟಿಲ್ಲ. ಮೂಸ್ ಹೊಡೆಯುವ ಒಂದನೇ ದರ್ಜೆಯ ತೋಟೆಗೆ ಎರಡು ದಾರಿ. ಗುಂಡು ಕನಿಷ್ಠ 9 ಗ್ರಾಂ ಇದ್ದರೆ 100 ಮೀಟರ್ ಆಚೆ 2700 ಜೌಲ್ ಶಕ್ತಿ ಉಳಿದಿರಬೇಕು. ಕನಿಷ್ಠ 10 ಗ್ರಾಂ ಇದ್ದರೆ 2000 ಜೌಲ್ ಸಾಕು. ಲೆಕ್ಕ ಹಾಕಿ ನೋಡಿ: 10 ಗ್ರಾಂ ಗುಂಡು 100 ಮೀಟರಿನಲ್ಲಿ ಸೆಕೆಂಡಿಗೆ 632 ಮೀಟರ್ ವೇಗದಲ್ಲಿದ್ದರೆ 2000 ಜೌಲ್ ಆಯಿತು. ಇಂದಿನ ಬೇಟೆ ತೋಟೆಯಲ್ಲಿ ಆ ತೂಕದ ಗುಂಡು ನಳಿಗೆ ಬಿಡುವಾಗಲೇ ಸುಮಾರು 780ರ ವೇಗದಲ್ಲಿರುತ್ತದೆ, ಹಾಗಾಗಿ ಆ ಗೆರೆಯನ್ನು ನಿರಾಯಾಸವಾಗಿ ದಾಟುತ್ತದೆ. ತೂಕದ ಗುಂಡು ಕಡಿಮೆ ವೇಗದಲ್ಲೂ ಕೆಲಸ ಮಾಡುತ್ತದೆ ಎಂಬ ಬೇಟೆಗಾರರ ಅನುಭವ ಕಾನೂನಿನ ಅಂಕಿಯಲ್ಲೇ ಕೂತಿದೆ.

ಆ ಸ್ನೇಹಿತರು ಮ್ಯಾಗ್ನಂ ಮಾರಿದರು. ಮುಂದಿನ ಬೇಸಿಗೆಯಿಡೀ ಯಜಮಾನರ ಎಂ/96ರಲ್ಲಿ ಹೊಡೆದು ಹೊಡೆದು ಮೈಯ ಹೆದರಿಕೆ ಬಿಡಿಸಿಕೊಂಡರು.

ಬೆಳಗಾವಿಯ ನಿವೃತ್ತ ಸೈನಿಕರು: ಯುರೋಪಿನ ಬೇರೆ ದೇಶಗಳಲ್ಲೂ ಹೀಗೆಯೇ? ಸೈನ್ಯದ ತೋಟೆಯನ್ನು ಸಾಮಾನ್ಯ ಜನರ ಕೈಗೆ ಕೊಡುತ್ತಾರೆಯೇ?

ಒಂದೊಂದು ದೇಶದ್ದು ಒಂದೊಂದು ಕಥೆ. ಜರ್ಮನಿಯಲ್ಲಿ 1888ರ ಸೈನಿಕ ತೋಟೆಯ ವಂಶದ 8×57 ಐಎಸ್ ಇಂದಿಗೂ ಕಾಡುಹಂದಿಗೆ, ಕೆಂಪು ಜಿಂಕೆಗೆ ನಡೆಯುತ್ತಿದೆ. ಅದರ ಹೆಸರಿನಲ್ಲಿ ಒಂದು ತಮಾಷೆಯ ತಪ್ಪೂ ಉಳಿದುಕೊಂಡಿದೆ: ಇನ್‌ಫೆಂಟರಿಯ ‘ಐ’ ಅಕ್ಷರವನ್ನು ಹಳೆಯ ಜರ್ಮನ್ ಬರಹದಲ್ಲಿ ‘ಜೆ’ ಎಂದು ಓದಿ, ಅರ್ಧ ಜಗತ್ತು ಅದನ್ನು ಹಾಗೇ ಕರೆಯಿತು. ಹೆಸರಿನ ಕೊನೆಯ ‘ಎಸ್’ ಅಕ್ಷರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. 20ನೇ ಶತಮಾನದ ಆರಂಭದಲ್ಲಿ ಗುಂಡನ್ನು ಕೊಂಚ ದಪ್ಪ ಮಾಡಿದರು. ಆ ‘ಎಸ್’ ಗುಂಡನ್ನು ಅದಕ್ಕೂ ಹಿಂದಿನ ಸಣ್ಣ ನಳಿಗೆಯಲ್ಲಿ ಹಾರಿಸುವುದು ಅಪಾಯ. ಫಿನ್‌ಲೆಂಡಿನಲ್ಲಿ ರಷ್ಯಾದ 1891ರ ತೋಟೆಯ ಸಂತಾನ ಕಾಡಿನಲ್ಲಿದೆ.

ಫ್ರಾನ್ಸ್ ತದ್ವಿರುದ್ಧ. ಸೈನಿಕ ತೋಟೆ ಬಳಸುವ ಕೋವಿಗಳನ್ನು ಅಲ್ಲಿ ದಶಕಗಳ ಕಾಲ ಬೇಟೆಗಾರರಿಂದ ದೂರ ಇಟ್ಟಿದ್ದರು. 2013ರ ಸೆಪ್ಟೆಂಬರಿನಲ್ಲಿ ಕಾನೂನು ಬದಲಾದ ಮೇಲೆ .308, .30-06ನಂಥ ಸೈನಿಕ ತೋಟೆಗಳು ಅಲ್ಲಿನ ಸಾಮಾನ್ಯ ಬೇಟೆಗಾರನಿಗೂ ಸಿಕ್ಕವು. ಅಲ್ಲಿಯವರೆಗೆ 7×64ನಂಥ, ಯಾವ ಸೈನ್ಯವೂ ತನ್ನದೆನ್ನದ ತೋಟೆಗಳೇ ಗತಿ. ಹೀಗಾಗಿ ಎರಡು ದೇಶದ ಬೇಟೆಗಾರರ ರುಚಿಯಲ್ಲಿ ಕಾಣುವ ವ್ಯತ್ಯಾಸದ ಹಿಂದೆ ಸರ್ಕಾರ ಜನರನ್ನು ಎಷ್ಟು ನಂಬಿತು ಎಂಬುದೂ ಇದೆ.

ಮಡಿಕೇರಿಯ ಓದುಗರೊಬ್ಬರು: ನಮ್ಮ ಮನೆಯಲ್ಲಿ ಇಷಾಪುರದ .315 ರೈಫಲ್ ಇದೆ. ಅದಕ್ಕೂ ಇಂಥ ಹಳೆಯ ಮಿಲಿಟರಿ ತೋಟೆಗಳಿಗೂ ಸಂಬಂಧವುಂಟೇ?

ಉಂಟು, ನೇರ ಸಂಬಂಧ. ನಿಮ್ಮ .315 ಮೂಲತಃ ಆಸ್ಟ್ರಿಯಾ-ಹಂಗೇರಿ ಸೈನ್ಯದ 8×50ಆರ್ ಮಾನ್‌ಲಿಕರ್ ತೋಟೆ. ವಿಯೆನ್ನಾದ ಚಕ್ರವರ್ತಿಯ ಸಿಪಾಯಿಗಳಿಗೆಂದು 1880ರ ದಶಕದ ಕೊನೆಯಲ್ಲಿ ಹುಟ್ಟಿದ್ದು ಕೊಡಗಿನ ಮನೆಯ ಗೋಡೆಗೆ ಬಂದಿದೆ.

ಕಾರಣ ಬ್ರಿಟಿಷರ ಭಯ. ತಮ್ಮ ಸೈನ್ಯದ .303 ತೋಟೆ ಕಳ್ಳತನವಾಗಿ ಹೊರಗೆ ಹೋದರೆ ಅದನ್ನು ಹಾರಿಸುವ ಕೋವಿ ಜನರ ಬಳಿ ಇರಬಾರದು ಎಂದು 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ ಸೈನಿಕ ಅಳತೆಗಳ ಮೇಲೆ ನಿರ್ಬಂಧ ಹಾಕಿದರು. ಆನೆ ಬೇಟೆಯ .450ಕ್ಕೂ ಅದೇ ಗತಿಯಾಗಿ, ಅದರ ಜಾಗಕ್ಕೆ .470ನಂಥವು ಬಂದವು. ಭಾರತದ ಸೈನ್ಯ ಬಳಸದ ಬೇರೆ ದೇಶದ ತೋಟೆಗೆ ಅಡ್ಡಿಯಿರಲಿಲ್ಲ. ಹಾಗೆ ಬಂದು ನೆಲೆಸಿದ .315 ಸ್ವಾತಂತ್ರ್ಯದ ನಂತರವೂ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂತು. ಜಿಮ್ ಕಾರ್ಬೆಟ್ಟರಿಗೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಸಿಕ್ಕ ರಿಗ್ಬಿ ರೈಫಲ್ಲಿನ .275 ತೋಟೆಯೂ ಹೀಗೆ ವೇಷ ಮರೆಸಿಕೊಂಡದ್ದೇ: ಸ್ಪೇನ್ ಸೈನ್ಯದ 7×57 ಮೌಸರ್.

ಯುರೋಪಿನ ಬೇಟೆಯ ಬಗ್ಗೆ ಬರೆದದ್ದನ್ನು ಓದಿ ಇಲ್ಲಿ ಯಾರೂ ಕಾಡಿಗೆ ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಬೇಟೆಯನ್ನು ನಿಲ್ಲಿಸಿದೆ, ನಿಲ್ಲಿಸಿದ್ದು ಸರಿ. ಸ್ವೀಡನ್ನಿನ ಕಾಡಿನ ಲೆಕ್ಕ ಬೇರೆ. ಮರ ಕಡಿದ ಬಯಲಲ್ಲಿ ಚಿಗುರುವ ಎಳೆಯ ಪೈನ್ ತಿಂದು ಮೂಸ್ ಸಂತತಿ ಎಷ್ಟು ಏರಿತ್ತೆಂದರೆ 1982ರ ಒಂದೇ ಹಂಗಾಮಿನಲ್ಲಿ ಸುಮಾರು 1,74,000 ಹೊಡೆದರು. ಕೊಡಗಿನ ನಮ್ಮ ಕೋವಿಗೆ ಕೈಲ್ ಪೊಳ್ದ್ ಹಬ್ಬದ ದಿನದ ಪೂಜೆ ಇದೆ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಇದೆ. ವಿರಾಜಪೇಟೆಯ ಅಜ್ಜಿಮನೆಯಲ್ಲಿ ಆ ಪಂದ್ಯ ನೋಡಿ ಬೆಳೆದವನು ನಾನು. ಬೆಚ್ಚದೆ ಹೊಡೆಯುವುದನ್ನು ಕಲಿಯಲು ತೆಂಗಿನಕಾಯಿ ಸಾಕು.

ಬೆಂಗಳೂರಿನ ಓದುಗರೊಬ್ಬರು: ಇನ್ನೆಷ್ಟು ಕಾಲ ಉಳಿದೀತು?

ಪೈಪೋಟಿ ಇದೆ. ಅಲ್ಲಿನ ಯುವಕರು ಗಿಡ್ಡ ನಳಿಗೆಗೆ ಸದ್ದಡಗಿಸುವ ಕೊಳವೆ ಹಾಕಿಕೊಂಡು .308 ಹಿಡಿಯುತ್ತಾರೆ. 2007ರಲ್ಲಿ ಅಮೆರಿಕದಿಂದ ಬಂದ 6,5 ಕ್ರೀಡ್‌ಮೋರ್ ಇದೇ ಅಗಲದ ಗುಂಡನ್ನು ಇನ್ನೂ ಗಿಡ್ಡ ಕೊಳವೆಯಲ್ಲಿ ಕೂರಿಸುತ್ತದೆ. ನಿಜವಾದ ಪರೀಕ್ಷೆ ಸೀಸದ್ದು. ಜೌಗು ಪ್ರದೇಶಗಳಲ್ಲಿ ಸೀಸದ ಚರೆಯನ್ನು ಯುರೋಪಿಯನ್ ಒಕ್ಕೂಟ 2023ರಿಂದ ನಿಷೇಧಿಸಿದೆ, ರೈಫಲ್ ಗುಂಡಿನ ಮೇಲೂ ಚರ್ಚೆ ನಡೆದಿದೆ. ಬದಲಿಗೆ ತಾಮ್ರದ ಗುಂಡು ಬಂದಿದೆ. ತಾಮ್ರ ಸೀಸಕ್ಕಿಂತ ಹಗುರ. 10 ಗ್ರಾಂ ತೂಗಬೇಕಾದರೆ ಗುಂಡು ಇನ್ನೂ ಉದ್ದವಾಗಬೇಕು, ಉದ್ದವಾದರೆ ಕೊಳವೆಯೊಳಗೆ ಮದ್ದಿನ ಜಾಗ ತಿನ್ನುತ್ತದೆ. ಉದ್ದ ಗುಂಡನ್ನು ನೆಟ್ಟಗೆ ಹಾರಿಸುವ 200 ಮಿಲಿಮೀಟರಿನ ಸುರುಳಿ ಮಾತ್ರ ಇದಕ್ಕೆ ಹುಟ್ಟಿನಿಂದಲೇ ಇದೆ. ಹಾಗಾಗಿ ಇದು ಉಳಿಯುತ್ತದೆ ಎಂಬುದು ನನ್ನ ನಂಬಿಕೆ.

ಶಿವಮೊಗ್ಗದ ಓದುಗರೊಬ್ಬರು: ನೀವು ಸ್ವತಃ ಹೊಡೆದಿದ್ದೀರಾ?

ಒಂದೇ ಸಲ. ಅಲ್ಲಿ ಕೋವಿ ಪರವಾನಗಿಗೆ ಮುನ್ನ ಬೇಟೆ ಪರೀಕ್ಷೆ ಪಾಸಾಗಬೇಕು, 1985ರಿಂದ ಅದು ಕಡ್ಡಾಯ. ಪಾಸಾದ ಮರುವರ್ಷ ಯಜಮಾನರ ಅದೇ ಎಂ/96 ಹಿಡಿದು ಬಿಲ್ಲಿಗೆ ನಿಂತೆ. ತಾಯಿ ಮೂಸ್ ಮುಂದೆ ಬಂತು, ಹಿಂದೆ ಕರು. ತಾಯಿಯನ್ನು ಮೊದಲು ಹೊಡೆದು ಕರುವನ್ನು ಅನಾಥ ಮಾಡುವಂತಿಲ್ಲ, ಕರುವೇ ಮೊದಲು. ಅರವತ್ತು ಮೀಟರ್. ಒದೆತ ಗೊತ್ತೇ ಆಗಲಿಲ್ಲ. ಕರು ಇಪ್ಪತ್ತು ಹೆಜ್ಜೆ ಓಡಿ ಬ್ಲೂಬೆರಿ ಪೊದೆಗಳ ನಡುವೆ ಮಡಚಿಕೊಂಡಿತು. ಹತ್ತಿರ ಹೋದಾಗ ಕಣ್ಣಿನಲ್ಲಿ ಮೋಡ ಕಾಣುತ್ತಿತ್ತು. ತಾಯಿ ಬಹಳ ಹೊತ್ತು ಮರಗಳ ಆಚೆ ನಿಂತೇ ಇತ್ತು. ನಾನು ಕೋವಿಯ ಕೀಲು ತೆಗೆದು, ಟೋಪಿ ಕೈಯಲ್ಲಿ ಹಿಡಿದು, ಅದು ಹೋಗುವವರೆಗೂ ಅಲ್ಲೇ ಕೂತಿದ್ದೆ.

ಸಂಜೆ ಕೊಟ್ಟಿಗೆಯಲ್ಲಿ ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿದರು. ಒಬ್ಬರು ಗುಡ್ಡೆಯನ್ನು ಮುಟ್ಟಿ ‘ಇದು ಯಾರದು?’ ಎಂದು ಕೇಳುತ್ತಾರೆ, ಬೆನ್ನು ತಿರುಗಿಸಿ ನಿಂತ ಇನ್ನೊಬ್ಬರು ಹೆಸರು ಹೇಳುತ್ತಾರೆ. ಹೊಡೆದವನಿಗೂ ಸೋವಿದವನಿಗೂ ಒಂದೇ ಪಾಲು. ನನಗೆ ಎಡ ಭುಜದ ತುಂಡು ಬಂತು. ಊರಿನಿಂದ ತಂದ ಕಾಚಂಪುಳಿ ಸೀಸೆಯಲ್ಲಿ ತಳದಷ್ಟೇ ಉಳಿದಿತ್ತು. ಹೆಂಡತಿ ಅದನ್ನು ಪೂರ್ತಿ ಬಗ್ಗಿಸಿ ಬೇಯಿಸಿದಳು.